ಕೆರೆಯನ್ನು ಕಾಯುವ ಕಾಡು

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮುಂಬಯಿಯ ಮಟ್ಟಿಗೆ ಅದನ್ನು ತುಸು ತಿದ್ದಿ, ಸಮುದ್ರದ ನೆಂಟಸ್ತನ, ಸಿಹಿನೀರಿಗೆ ಬಡತನ ಎನ್ನಬೇಕು. ಕಡಲು ಸುತ್ತುವರಿದಿದ್ದರೂ ಒಂದು ಕಾಲದಲ್ಲಿ ಈ ನಗರದ ಜನರಿಗೆ ಬಾವಿ ಮತ್ತು ಸಣ್ಣ ಕೆರೆಗಳೇ ಗತಿಯಾಗಿದ್ದುವು. ಮಳೆ ಕೈಕೊಟ್ಟ ವರ್ಷ ಅವೂ ಬತ್ತುತ್ತಿದ್ದುವು. ಈ ಬವಣೆಯನ್ನು ನೀಗಿಸಲು, ಹೆನ್ರಿ ಕಾನಿಬೇರ್ ಎಂಬ ಇಂಜಿನಿಯರನ ಯೋಜನೆಯಂತೆ, 1856ರಲ್ಲಿ ಮಿಠಿ ನದಿಯ ಕಣಿವೆಯಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. 1860ರಲ್ಲಿ ವಿಹಾರ ಜಲಾಶಯವು ಸಿದ್ಧವಾಗಿ ಕೊಳವೆಯ ನೀರು ನಗರವನ್ನು ತಲುಪಿತು. 1879ರಲ್ಲಿ ಅದರ ಮೇಲ್ಭಾಗದಲ್ಲಿ ತುಳಸಿ ಜಲಾಶಯವೂ ಪೂರ್ಣಗೊಂಡಿತು. ತುಳಸಿ ತುಂಬಿದರೆ ಹೆಚ್ಚಿನ ನೀರು ವಿಹಾರಕ್ಕೆ ಇಳಿಯುವುದು.

ಇಂದು ಮುಂಬಯಿಗೆ 7 ಜಲಾಶಯಗಳಿಂದ ನೀರು ಬರುತ್ತದೆ. ಅವುಗಳಲ್ಲಿ ನಗರದ ಎಲ್ಲೆಯೊಳಗಿರುವುವು ಈ ಎರಡೇ. ದಿನವೊಂದಕ್ಕೆ ವಿಹಾರವು ಸುಮಾರು 9 ಕೋಟಿ ಲೀಟರು, ತುಳಸಿಯು ಸುಮಾರು 1 ಕೋಟಿ 80 ಲಕ್ಷ ಲೀಟರು ನೀರನ್ನು ಕೊಡುವುವು. ನಗರದ ಬೇಡಿಕೆಯ ಮುಂದೆ ಇದು ಅಲ್ಪವೇ. ಆದರೆ ಕೋಟಿಗಟ್ಟಲೆ ಜನರ ನಡುವೆ ಇದ್ದೂ, ಒಂದೂವರೆ ಶತಮಾನ ಕಳೆದ ಮೇಲೂ ಇವುಗಳ ನೀರು ಕುಡಿಯಲು ಒದಗುತ್ತಿರುವುದು ಹೇಗೆ ಎಂಬುದನ್ನು ನಾವು ವಿಚಾರಿಸಬೇಕು.

ಮಳೆಯ ನೀರು ಹರಿದು ಒಂದು ಕೆರೆಗೆ ಸೇರುವಷ್ಟು ನೆಲವನ್ನು ಆ ಕೆರೆಯ ಜಲಾನಯನ ಪ್ರದೇಶವೆನ್ನುವರು. ನಮ್ಮ ಊರುಗಳಲ್ಲಿ ಹಿರಿಯರು ಕೆರೆಯ ಏರಿ, ತೂಬು, ಕೋಡಿಗಳನ್ನು ಜೋಪಾನ ಮಾಡಿದಂತೆಯೇ, ಕೆರೆಗೆ ನೀರು ಬರುವ ದಾರಿಯನ್ನೂ ಕಾಯುತ್ತಿದ್ದರು. ವಿಹಾರ ಮತ್ತು ತುಳಸಿಗಳ ಸುತ್ತಣ ಗುಡ್ಡಗಳನ್ನು ಕೂಡ ನೀರಿನ ಶುದ್ಧತೆಗಾಗಿ ವಸತಿಯಿಂದ ದೂರವಿರಿಸಲಾಯಿತು. ಮೊದಲು ಯೋಚಿಸಿದ್ದು ನೀರನ್ನು. ನೀರಿನ ನೆವದಿಂದ ಕಾಡೂ ಉಳಿಯಿತು. ಮುಂದೆ ಈ ನೆಲವು ರಾಷ್ಟ್ರೀಯ ಉದ್ಯಾನದಲ್ಲಿ ಸೇರಿತು. ಅದೇ ಇಂದಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಅದರ ವಿಸ್ತಾರ ಸುಮಾರು 104 ಚದರ ಕಿಲೋಮೀಟರು.

ಕಾಡು ಕೆರೆಯನ್ನು ಕಾಯುವ ಬಗೆ ಸರಳವಾದುದು. ಮಳೆಯ ಹನಿ ಮೊದಲು ಎಲೆಯ ಮೇಲೆ ಬಿದ್ದು ತನ್ನ ರಭಸವನ್ನು ಕಳೆದುಕೊಳ್ಳುತ್ತದೆ. ಬಳಿಕ ತರಗೆಲೆಯ ಹಾಸಿನ ಮೂಲಕ ಮೆಲ್ಲನೆ ಮಣ್ಣಿಗಿಳಿಯುತ್ತದೆ. ಬೇರುಗಳು ಮಣ್ಣನ್ನು ಹಿಡಿದಿಡುವುವು. ಹೀಗೆ ಇಂಗಿದ ನೀರಿನಲ್ಲಿ ಒಂದು ಪಾಲು ಮಳೆ ನಿಂತ ಮೇಲೂ ತೊರೆಗಳಾಗಿ ಜಿನುಗುತ್ತಿರುತ್ತದೆ. ಗುಡ್ಡ ಬೋಳಾದರೆ ಮಣ್ಣು ಕೊಚ್ಚಿಕೊಂಡು ಬಂದು ಕೆರೆಯಲ್ಲಿ ಹೂಳು ತುಂಬುತ್ತದೆ. ಹೂಳು ತುಂಬಿದಷ್ಟೂ ನೀರಿಗೆ ಎಡೆ ಕಡಿಮೆಯಾಗುತ್ತದೆ.

ಇದಕ್ಕೆ ಸಾಕ್ಷಿ ಬೇಕಾದರೆ ನೆರೆಯ ಪವಾಯಿ ಕೆರೆಯನ್ನು ನೋಡಬಹುದು. 1891ರಲ್ಲಿ ಪೂರ್ಣಗೊಂಡ ಈ ಕೆರೆಯ ನೀರು ಕುಡಿಯಲು ತಕ್ಕುದೆನಿಸಲಿಲ್ಲವೆಂಬುದು ನಿಜ. ಆದರೆ ಮುಂದೆ ಅದರ ಸುತ್ತ ಕಟ್ಟಡಗಳೆದ್ದು, ಚರಂಡಿಯ ನೀರು ಸೇರಿ, ಹೂಳು ತುಂಬಿ, ಅಂತರಗಂಗೆ ಹಬ್ಬಿತು. ಕಾಡಿನ ರಕ್ಷಣೆಯಿರುವ ಕೆರೆಗೂ ಅದಿಲ್ಲದ ಕೆರೆಗೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಟ್ಟುವಂತಿದೆ.

ನೀರಿಗಾಗಿ ಉಳಿದ ಈ ಕಾಡು ಪ್ರಾಣಿಗಳಿಗೂ ಆಸರೆಯಾಯಿತು. ಜಿಂಕೆ, ಕಡವೆ, ಮುಸುವಗಳು ಇಲ್ಲಿವೆ. ಕೆರೆಗಳಲ್ಲಿ ಮೊಸಳೆಗಳಿವೆ. ಚಿರತೆಯ ಮೈಮೇಲಿನ ಚುಕ್ಕೆಗಳು ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಮರಗಳಿಗೆ ಕಟ್ಟಿದ ಕ್ಯಾಮೆರಾಗಳ ಚಿತ್ರಗಳಲ್ಲಿ ಈ ಚುಕ್ಕೆಗಳನ್ನು ಹೋಲಿಸಿ, 2018ರಲ್ಲಿ ಉದ್ಯಾನ ಹಾಗೂ ಅದರ ಸುತ್ತಮುತ್ತ 47 ಚಿರತೆಗಳನ್ನು ಗುರುತಿಸಿದರು.

ಮನುಷ್ಯನೂ ಚಿರತೆಯೂ ಇಷ್ಟು ಹತ್ತಿರ ಬಾಳುವುದು ಸುಲಭವಲ್ಲ. 2004ರ ಆಸುಪಾಸಿನಲ್ಲಿ ಚಿರತೆಗಳಿಗೆ ಹಲವರು ಬಲಿಯಾದರು. ಕಾಡಿನಂಚಿನಲ್ಲಿ ಕಸ ಬಿದ್ದರೆ ಬೀದಿನಾಯಿಗಳು ಸೇರುವುವು. ನಾಯಿಗಳನ್ನರಸಿ ಚಿರತೆ ಬರುವುದು. ಆದುದರಿಂದ ಕಸದ ತೊಟ್ಟಿಯನ್ನು ಚೊಕ್ಕಟವಾಗಿಡುವುದೂ ವನ್ಯಪ್ರಾಣಿ ಸಂರಕ್ಷಣೆಯ ಕೆಲಸವೇ. 2011ರಿಂದ ಅರಣ್ಯ ಇಲಾಖೆಯು ನಾಗರಿಕರೊಡಗೂಡಿ ಈ ತಿಳಿವಳಿಕೆಯನ್ನು ಹರಡತೊಡಗಿತು. ಇನ್ನೊಂದು ಮಾತನ್ನೂ ನಾವು ಮರೆಯಬಾರದು. ಈ ಕಾಡಿನಲ್ಲಿ ವಾರ್ಲಿ ಮೊದಲಾದ ಆದಿವಾಸಿಗಳ ಹಾಡಿಗಳಿವೆ. ಬೇರೆಲ್ಲೂ ನೆಲೆ ಸಿಗದೆ ಕಾಡಿನಂಚಿನಲ್ಲಿ ಗುಡಿಸಲು ಹಾಕಿದ ಬಡವರೂ ಇದ್ದಾರೆ. ಇವರ ಬಾಳುವೆಗೆ ದಾರಿ ಕಾಣಿಸದೆ ಕಾಡನ್ನು ಮಾತ್ರ ಉಳಿಸುತ್ತೇವೆಂಬುದು ನ್ಯಾಯವಲ್ಲ, ಸಾಧ್ಯವೂ ಅಲ್ಲ.

ಈ ಕಾಡಿನೊಳಗೆ ನಡೆಯಲು ಸಾರ್ವಜನಿಕರಿಗೂ ಅವಕಾಶವಿದೆ. ಕಳೆದ ಚಳಿಗಾಲದಲ್ಲಿ ನಾವು ಕಾನ್ಹೇರಿಯವರೆಗೆ ನಡೆದು ಹೋದೆವು. ಕಾನ್ಹೇರಿಯೆಂದರೆ ಕೃಷ್ಣಗಿರಿ. ಅಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಕೊರೆದ 100ಕ್ಕೂ ಹೆಚ್ಚು ಗುಹೆಗಳಿವೆ. ನಮ್ಮ ಮನಸ್ಸನ್ನು ಹೆಚ್ಚು ಸೆಳೆದುದು ಗುಹೆಗಳ ಬಳಿ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿಗಳು. ಸುರಿದ ಮಳೆಯನ್ನು ಪೋಲಾಗಗೊಡದೆ ಹಿಡಿದಿಡುವ ವಿವೇಕ ಈ ಬೆಟ್ಟಕ್ಕೆ ವಿಹಾರ ಕಟ್ಟೆಗಿಂತ ಎಷ್ಟೋ ಹಳೆಯದು.

ಶಿಲೋಂಡಾದಂತಹ ಒಳದಾರಿಗಳಲ್ಲಿ ನಡೆಯಬೇಕಾದರೆ ಅರಣ್ಯ ಇಲಾಖೆಯ ಅಪ್ಪಣೆ ಪಡೆಯಬೇಕು. ಜಲಾಶಯಗಳ ದಡಕ್ಕಂತೂ ಮನಬಂದಂತೆ ಹೋಗಗೊಡುವುದಿಲ್ಲ. ಇದು ನಮ್ಮ ಸಂತೋಷಕ್ಕೆ ಅಡ್ಡಿಯೆಂದು ತೋರಬಹುದು. ಆದರೆ ನೂರಾರು ಜನ ದಾರಿ ಬಿಟ್ಟು ನಡೆದರೆ ಮಣ್ಣು ತುಳಿತಕ್ಕೆ ಗಟ್ಟಿಯಾಗಿ ನೀರನ್ನು ಕುಡಿಯದಾಗುತ್ತದೆ, ಮೊಳಕೆಗಳು ಸಾಯುತ್ತವೆ. ಗದ್ದಲವಾದರೆ ಬಾಯಾರಿದ ಪ್ರಾಣಿ ನೀರಿನ ಬಳಿ ಸುಳಿಯದು. ನಡೆಯುವ ದಾರಿ ಒಂದೆಡೆ, ಪ್ರಾಣಿಗಳ ಏಕಾಂತ ಇನ್ನೊಂದೆಡೆ, ಇವೆರಡಕ್ಕೂ ಎಲ್ಲೆ ಹಾಕಿದರೇ ಎರಡೂ ಉಳಿಯುವುವು. ನಡೆದು ನೋಡಿದವರಿಗೆ ಕಾಡಿನ ಮೇಲೆ ಮಮತೆ ಹುಟ್ಟುವುದು. ಮಮತೆಯುಳ್ಳವರು ಅದರ ನಾಶವನ್ನು ನೋಡುತ್ತ ಸುಮ್ಮನಿರಲಾರರು.

ಈ ಗುಡ್ಡಗಳಲ್ಲಿ ಕಾರ್ವಿ ಎಂಬ ಪೊದೆಗಿಡ ಬೆಳೆಯುತ್ತದೆ. ಅದು ಮೈತುಂಬ ಹೂ ಬಿಡುವುದು 8 ವರ್ಷಗಳಿಗೊಮ್ಮೆ. 2016ರಲ್ಲಿ ಅರಳಿದ ಕಾರ್ವಿ 2024ರಲ್ಲಿ ಮತ್ತೆ ಅರಳಿ ಗುಡ್ಡಗಳನ್ನು ನೇರಳೆಯಾಗಿಸಿತು. ಇನ್ನು 2032ರಲ್ಲಿ ಅದರ ಸರದಿ. ಆ ವೇಳೆಗೆ ನಮ್ಮಲ್ಲಿ ಅನೇಕರು ಶಾಲೆಯನ್ನು ಬಿಟ್ಟು ಬೇರೆ ಬೇರೆ ಉದ್ಯೋಗಗಳಲ್ಲಿರುವೆವು. ಅಂದು ನಾವು ನಮ್ಮ ತಮ್ಮತಂಗಿಯರ ಕೈಹಿಡಿದು ಈ ದಾರಿಯಲ್ಲಿ ನಡೆದಾಗ ಹೂವೂ ಇರಬೇಕು, ಕೆಳಗೆ ಕಣಿವೆಯಲ್ಲಿ ತಿಳಿನೀರೂ ಇರಬೇಕು. ಅದು ಈಗಿನಿಂದ ನಾವು ನಡೆದುಕೊಳ್ಳುವ ರೀತಿಯನ್ನು ಅವಲಂಬಿಸಿದೆ.