ಹುಲಿಕೆರೆಯ ಚಳಿಗೆ ಹೈಬ್ರಿಡ್ ಕಾರು ಪೆಟ್ರೋಲ್ ಕುಡಿಯೋದ್ಯಾಕೆ?

ಕಳೆದ ಜನವರಿಯಲ್ಲಿ ಹುಲಿಕೆರೆಗೆ ಹೋಗಿದ್ದೆ. ಹಳೇಬೀಡಿನ ಪಕ್ಕದಲ್ಲಿ, ಹೊಯ್ಸಳರ ಕಾಲದ ಕಲ್ಯಾಣಿ ಇದೆಯಲ್ಲ, ಅದೇ ಊರು. ಬೆಳಗ್ಗೆ ಆರೂವರೆ. ಮೊಬೈಲು 13 ಡಿಗ್ರಿ ತೋರಿಸ್ತಿತ್ತು, ಮಂಜಿಗೆ ಎದುರುಮನೆಯೂ ಸರಿಯಾಗಿ ಕಾಣ್ತಿರಲಿಲ್ಲ. ಮಾವ ತಮ್ಮ ಹೊಸ ಹೈಬ್ರಿಡ್ ಕಾರಿನ ಬಟನ್ ಒತ್ತಿದರು. ಒಂದೆರಡು ಸೆಕೆಂಡು ಸದ್ದೇ ಇಲ್ಲ. ಆಮೇಲೆ ಎಂಜಿನ್ ಗುರ್ ಅಂತ ಶುರುವಾಯ್ತು. ಹಳೇಬೀಡಿಗೆ ಹೋಗಿ ಪೇಪರು, ಬ್ರೆಡ್ಡು ತಗೊಂಡು ವಾಪಸ್ ಬರೋವರೆಗೂ ಅದು ಸುಮ್ಮನಾಗಿದ್ದೇ ಕಡಿಮೆ. ಮನೆ ಮುಂದೆ ನಿಲ್ಲಿಸಿ ಮೀಟರ್ ನೋಡಿದರೆ ಲೀಟರಿಗೆ 13 ಕಿ.ಮೀ.

'ಇಂಜಿನಿಯರಿಂಗ್ ಓದಿದೋನಲ್ವೇನೋ ನೀನು? ಹೇಳು ನೋಡಾಣ. ಶೋರೂಮಿನೋರು ಇಪ್ಪತ್ತರ ಮೇಲೇ ಬರುತ್ತೆ ಅಂದಿದ್ರು. ಬ್ಯಾಟರಿ ಕೈ ಕೊಡ್ತಾ?' ಅಂದರು ಮಾವ.

ಬ್ಯಾಟರಿ ಕೈ ಕೊಟ್ಟಿರಲಿಲ್ಲ. ಕಾರು ಸರಿಯಾಗೇ ಇತ್ತು. ಅರ್ಥ ಆಗಬೇಕಂದ್ರೆ ಬಚ್ಚಲಮನೆಯ ಹಂಡೆ ನೆನಪು ಮಾಡಿಕೊಳ್ಳಿ. ಒಲೆ ಹಚ್ಚಿದ ತಕ್ಷಣ ನೀರು ಬಿಸಿ ಆಗಲ್ಲ, ಮೊದಲ ಒಂದಷ್ಟು ಸೌದೆ ಹಂಡೆಯನ್ನ ಕಾಯಿಸೋದಕ್ಕೇ ಹೋಗುತ್ತೆ. ಒಮ್ಮೆ ಕಾದರೆ ಮನೆಮಂದಿಗೆಲ್ಲ ಸ್ನಾನ ಆಗುತ್ತೆ. ಒಬ್ಬರು ಮಿಂದು, ಮತ್ತೊಬ್ಬರು ಮೂರು ಗಂಟೆ ಬಿಟ್ಟು ಬಂದರೆ ಮತ್ತೆ ಮೊದಲಿಂದ ಉರಿ ಹಾಕಬೇಕು. ಎಂಜಿನ್ ಕಥೆಯೂ ಇದೇ. ತಣ್ಣಗಿರುವಾಗ ಎಣ್ಣೆ ಗಟ್ಟಿ, ತಿಕ್ಕಾಟ ಜಾಸ್ತಿ, ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ.

ಹಾಗಾದ್ರೆ ಹೈಬ್ರಿಡ್ ಯಾಕೆ ಬ್ಯಾಟರಿಯಲ್ಲೇ ಓಡಬಾರದು? ಮೊದಲನೆಯದಾಗಿ, ಆ ಬ್ಯಾಟರಿ ತುಂಬಾ ಚಿಕ್ಕದು. ಗ್ರ್ಯಾಂಡ್ ವಿಟಾರಾ, ಹೈರೈಡರ್ ಎರಡರ ಹೈಬ್ರಿಡ್ ಮಾದರಿಗಳೂ ತಯಾರಾಗೋದು ನಮ್ಮ ಬಿಡದಿಯಲ್ಲಿ. ಅವುಗಳ ಬ್ಯಾಟರಿ 0.76 ಯೂನಿಟ್ ಕರೆಂಟ್ ಹಿಡಿಯುವಂಥದ್ದು, ಒಂದು ಗೀಸರ್ ಅರ್ಧ ಗಂಟೆಯೂ ಓಡಲ್ಲ. ಎರಡನೆಯ ಕಾರಣ ಹೊಗೆ. ಸೈಲೆನ್ಸರ್ ಪೈಪಿನಲ್ಲಿ ವಿಷಾನಿಲಗಳನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತಲ್ಲ, ಅದು ಕೆಲಸ ಶುರು ಮಾಡೋದೇ 250-300 ಡಿಗ್ರಿ ಬಿಸಿಯಾದ ಮೇಲೆ. ಅಲ್ಲಿಯವರೆಗೆ ಹೊಗೆ ಬಹುಪಾಲು ಹಾಗೇ ಹೊರಗೆ ಬರುತ್ತೆ. ಹಾಗಾಗಿ ಕಾರಿನ ಕಂಪ್ಯೂಟರು ಮೊದಲು ಕನ್ವರ್ಟರನ್ನು ಕಾಯಿಸಲು ಹೊರಡುತ್ತೆ. ಕಿಡಿಯನ್ನು ಬೇಕಂತಲೇ ತಡವಾಗಿ ಹೊತ್ತಿಸಿ ಶಾಖವನ್ನೆಲ್ಲ ಸೈಲೆನ್ಸರ್ ಕಡೆ ತಳ್ಳುತ್ತೆ. ಆ ಹೊತ್ತಿನಲ್ಲಿ ಎಂಜಿನ್ ಉರಿಯುತ್ತಿರುತ್ತೆ, ಚಕ್ರ ತಿರುಗಿಸೋ ಕೆಲಸ ಮಾತ್ರ ಹೆಚ್ಚಾಗಿ ಮೋಟಾರಿನದ್ದು. ಮೀಟರ್ ಪಾತಾಳಕ್ಕೆ ಇಳಿಯೋದು ಅಲ್ಲೇ.

ಇದರಲ್ಲೊಂದು ವಿಚಿತ್ರ ಇದೆ. ಹೈಬ್ರಿಡ್ ಎಂಜಿನ್ ಒಳ್ಳೆಯದಾದಷ್ಟೂ ಬಿಸಿಯಾಗೋದು ನಿಧಾನ. ಇವತ್ತಿನ ಉತ್ತಮ ಹೈಬ್ರಿಡ್ ಎಂಜಿನ್‌ಗಳು ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ 40%ರಷ್ಟನ್ನು ಕೆಲಸಕ್ಕೆ ಹಚ್ಚುತ್ತವೆ. ಪೋಲಾಗುವ ಶಾಖ ಕಡಿಮೆ, ಅಂದ್ರೆ ತನ್ನನ್ನು ತಾನು ಕಾಯಿಸಿಕೊಳ್ಳಲು ಸಿಗುವ ಶಾಖವೂ ಕಡಿಮೆ. ಮೇಲಿಂದ ನೀವು ಗಾಜಿನ ಮಂಜು ತೆಗೆಯೋಕೆ ಹೀಟರ್ ಹಾಕಿದರೆ ಆ ಬಿಸಿಯೂ ಎಂಜಿನ್ ನೀರಿನಿಂದಲೇ ಬರಬೇಕು. ಸಿಗ್ನಲ್ಲಲ್ಲಿ ನಿಂತಾಗಲೂ ಎಂಜಿನ್ ಆಫ್ ಆಗಲ್ಲ. ಟೊಯೊಟಾ ಇದಕ್ಕೆ ಮಜವಾದ ಉಪಾಯ ಮಾಡಿತ್ತು. 2004ರ ಪ್ರಿಯಸ್‌ನ ಅಮೆರಿಕದ ಮಾದರಿಯಲ್ಲಿ ಬಿಸಿ ಕೂಲಂಟನ್ನು ಥರ್ಮಾಸ್ ಫ್ಲಾಸ್ಕಿನಂಥ ಪಾತ್ರೆಯಲ್ಲಿ ತುಂಬಿಟ್ಟು, ಮರುದಿನ ಬೆಳಗ್ಗೆ ಎಂಜಿನ್‌ಗೆ ಹರಿಸ್ತಿದ್ದರು. ಮುಂದಿನ ತಲೆಮಾರಿನ ಕಾರಲ್ಲಿ ಫ್ಲಾಸ್ಕ್ ಹೋಯ್ತು, ಸೈಲೆನ್ಸರಿನ ಬಿಸಿಯಿಂದಲೇ ನೀರು ಕಾಯಿಸುವ ವ್ಯವಸ್ಥೆ ಬಂತು.

ಬ್ಯಾಟರಿಗೂ ಚಳಿ ಆಗಿಬರಲ್ಲ. ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತೆ, ಬ್ರೇಕ್ ಹಾಕಿದಾಗ ಹುಟ್ಟುವ ಕರೆಂಟನ್ನು ಅದು ಪೂರ್ತಿ ನುಂಗಲಾರದು. ಆದ್ರೆ ಇದು ಸೊನ್ನೆಯ ಆಸುಪಾಸಿನ ಸಮಸ್ಯೆ. ಹುಲಿಕೆರೆಯ 13 ಡಿಗ್ರಿಗೆ ಇದರ ಪಾಲು ಸಣ್ಣದು. ನಮ್ಮ ಕಡೆ ನಿಜವಾದ ಆರೋಪಿ ಚಳಿಗಿಂತ ಹೆಚ್ಚಾಗಿ ದೂರ. ಎಂಜಿನ್ ಕಾಯೋಷ್ಟರಲ್ಲಿ ಊರು ಬಂದುಬಿಡುತ್ತೆ, ಅಷ್ಟೇ. ಅದೇ ಕಾರಲ್ಲಿ ಮಾವ ಹಾಸನಕ್ಕೆ ಹೋಗಿಬಂದ ದಿನ 20 ದಾಟಿತ್ತು.

ಅಮೆರಿಕದ ಇಂಧನ ಇಲಾಖೆಯ ಲೆಕ್ಕ ನೋಡಿ. ತಾಪಮಾನ 25 ಡಿಗ್ರಿಯಿಂದ ಮೈನಸ್ 7ಕ್ಕೆ ಇಳಿದರೆ, ನಗರದ ಓಡಾಟದಲ್ಲಿ ಮಾಮೂಲಿ ಪೆಟ್ರೋಲ್ ಕಾರಿನ ಮೈಲೇಜ್ ಸುಮಾರು 15% ಬೀಳುತ್ತೆ. ಹೈಬ್ರಿಡ್‌ನದ್ದು 30ರಿಂದ 34%. ಇದನ್ನು ಹಿಡಿದುಕೊಂಡು 'ಹೈಬ್ರಿಡ್ ಮೋಸ' ಅಂತ ಕೂಗೋರಿದ್ದಾರೆ. ಸ್ವಲ್ಪ ತಾಳಿ, ಶೇಕಡಾವಾರು ಲೆಕ್ಕ ದಾರಿ ತಪ್ಪಿಸುತ್ತೆ. 20 ಕೊಡೋ ಹೈಬ್ರಿಡ್ 30% ಬಿದ್ದರೆ 14, ಅಂದ್ರೆ 100 ಕಿ.ಮೀ.ಗೆ 7.1 ಲೀಟರ್. 12 ಕೊಡೋ ಪೆಟ್ರೋಲ್ ಕಾರು 15% ಬಿದ್ದರೆ 10.2, ಅಂದ್ರೆ 9.8 ಲೀಟರ್. ಚಳಿಯಲ್ಲೂ ಹೈಬ್ರಿಡ್ಡೇ ಕಡಿಮೆ ಕುಡಿಯೋದು. ಆದ್ರೆ ಅಂತರ 3.3 ಲೀಟರಿಂದ 2.7ಕ್ಕೆ ಇಳೀತು. ಹೈಬ್ರಿಡ್ಡಿಗೆ ಹೆಚ್ಚುವರಿ ಲಕ್ಷಗಳನ್ನು ಕೊಟ್ಟು, ಪೆಟ್ರೋಲ್ ಉಳಿತಾಯದಲ್ಲಿ ಅದನ್ನು ವಾಪಸ್ ಪಡೆಯುವ ಲೆಕ್ಕ ಹಾಕಿದೋರಿಗೆ ಈ ಅಂತರವೇ ಎಲ್ಲ.

ಇಲ್ಲಿಂದ ರಾಜಕೀಯ ಶುರುವಾಗುತ್ತೆ. ಮೇಲೆ ಹೇಳಿದ ಬಿಡದಿಯ ಎರಡು ಕಾರುಗಳಿಗೆ ಘೋಷಿತ ಮೈಲೇಜ್ 27.97. ಸುಳ್ಳಲ್ಲ, ಪರೀಕ್ಷೆಯಲ್ಲಿ ಬಂದದ್ದೇ. ಪ್ರಶ್ನೆ ಇರೋದು ಪರೀಕ್ಷೆಯ ಮೇಲೆ. ನಮ್ಮ ಭಾರತೀಯ ಡ್ರೈವಿಂಗ್ ಸೈಕಲ್ ಅನ್ನೋದು ಲ್ಯಾಬಿನೊಳಗೆ ರೋಲರ್ ಮೇಲೆ ನಡೆಯುವ 1180 ಸೆಕೆಂಡುಗಳ, ಹೆಚ್ಚುಕಡಿಮೆ 10.6 ಕಿ.ಮೀ. ಓಟ. ಕೋಣೆಯ ತಾಪಮಾನ 20ರಿಂದ 30 ಡಿಗ್ರಿ. ಮಂಜು ಇಲ್ಲ, ಹೀಟರ್ ಇಲ್ಲ. ಅಮೆರಿಕದಲ್ಲಿ ಕಾರಿನ ಮೇಲೆ ಅಂಟಿಸುವ ಮೈಲೇಜ್ ಲೆಕ್ಕದಲ್ಲಿ ಮೈನಸ್ 7 ಡಿಗ್ರಿಯ ಓಟವೂ 2008ರಿಂದ ಸೇರಿದೆ.

ನಮ್ಮಲ್ಲಿ ಈ ಲ್ಯಾಬ್ ಅಂಕಿ ಬರೀ ಜಾಹೀರಾತಿಗೆ ಬಳಕೆಯಾಗಿದ್ದರೆ ನಾನು ಇಷ್ಟು ಬರೀತಿರಲಿಲ್ಲ. ಕಂಪನಿಯೊಂದು ಮಾರುವ ಕಾರುಗಳ ಸರಾಸರಿ ಕಾರ್ಬನ್ ಡೈಆಕ್ಸೈಡಿಗೆ ಮಿತಿ ಹಾಕುವ ಕೆಫೆ ನಿಯಮ ಇದೆ. ಎರಡನೇ ಹಂತದಲ್ಲಿ ಆ ಮಿತಿ ಕಿ.ಮೀ.ಗೆ 113 ಗ್ರಾಂ. ಅಲ್ಲಿ ಒಂದು ಸ್ಟ್ರಾಂಗ್ ಹೈಬ್ರಿಡ್ ಮಾರಿದರೆ ಎರಡು ಕಾರು ಅಂತ ಎಣಿಸ್ತಾರೆ. ಲ್ಯಾಬಿನ ಅಂಕಿಗೆ ಎರಡರ ಗುಣಾಕಾರ. ಆ ರಿಯಾಯಿತಿಯ ಲಾಭದಲ್ಲಿ ಅದೇ ಕಂಪನಿ ದೊಡ್ಡ ಪೆಟ್ರೋಲ್ ಕಾರನ್ನೂ ಮಾರಬಹುದು. 2024ರ ಜುಲೈನಲ್ಲಿ ಉತ್ತರ ಪ್ರದೇಶ ಸರ್ಕಾರ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. ಲಖನೌ, ಮೀರತ್ ಕಡೆ ಜನವರಿ ಬೆಳಗಿನ ಚಳಿ ನಮ್ಮ ಹಾಸನದ್ದಕ್ಕಿಂತ ಎಷ್ಟೋ ಜೋರು. ಗಾಳಿ ಅತಿ ಕೆಡುವುದೂ ಅದೇ ತಿಂಗಳುಗಳಲ್ಲಿ.

ನಾನು ಹೈಬ್ರಿಡ್ ವಿರೋಧಿಯಲ್ಲ. ಚಾರ್ಜಿಂಗ್ ಪಾಯಿಂಟ್ ಹುಡುಕಿಕೊಂಡು ಹೋಗಬೇಕಾದ ಊರುಗಳಲ್ಲಿ, ದಿನಕ್ಕೆ ಐವತ್ತು ಅರವತ್ತು ಕಿ.ಮೀ. ಓಡೋ ಟ್ಯಾಕ್ಸಿಯವರಿಗೆ ಅದು ಒಳ್ಳೇ ಗಾಡಿ. ಆದ್ರೆ ಜನರ ತೆರಿಗೆಯಲ್ಲಿ ರಿಯಾಯಿತಿ ಕೊಡುವಾಗ 10 ಡಿಗ್ರಿಯಲ್ಲಿ, 4 ಕಿ.ಮೀ. ಓಟದಲ್ಲಿ ಅದು ಎಷ್ಟು ಕುಡಿಯುತ್ತೆ, ಎಷ್ಟು ಹೊಗೆ ಬಿಡುತ್ತೆ ಅನ್ನೋ ಇನ್ನೊಂದು ಅಂಕಿಯನ್ನೂ ಕಾರಿನ ಗಾಜಿಗೆ ಅಂಟಿಸಿ ಅಂತ ಕೇಳೋದು ದೊಡ್ಡ ಬೇಡಿಕೆ ಏನಲ್ಲ.

ಮಾವನಿಗೆ ಇಷ್ಟೂ ಹೇಳಿದೆ, ಹಂಡೆ ಸಮೇತ. ಬೆಳಗಿನ ಸಣ್ಣಪುಟ್ಟ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿ, ಸುಮ್ಮನೆ ನಿಲ್ಲಿಸಿಕೊಂಡು ಎಂಜಿನ್ ಕಾಯಿಸಬೇಡಿ, ನಿಧಾನಕ್ಕೆ ಓಡಿಸುತ್ತಲೇ ಕಾಯಲಿ. ವಾರಗಟ್ಟಲೆ ಗಾಡಿ ತೆಗೆಯದಿದ್ದರೆ 12 ವೋಲ್ಟಿನ ಸಣ್ಣ ಬ್ಯಾಟರಿ ಇಳಿದುಹೋಗುತ್ತೆ, ಆಗ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎದ್ದೇಳಲ್ಲ ಅಂತಲೂ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡರು.

'ಅಂದ್ರೆ ಹಳೇಬೀಡಿಗೆ ಟಿವಿಎಸ್ಸೇ ಸರಿ ಅನ್ನು' ಅಂದರು. ಮರುದಿನ ಬೆಳಗ್ಗೆ ಮಫ್ಲರ್ ಸುತ್ತಿಕೊಂಡು ಅದರಲ್ಲೇ ಹೋದರು.