ತಗ್ಗಿನ ರಸ್ತೆಯಲ್ಲಿ ತಗ್ಗಿಸಿದ ಕಾರು

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರಸ್ತೆಗಳಲ್ಲಿ ಜಪಾನಿ ಮೂಲದ ಕಾರುಗಳಿಗೆ ಕೊರತೆಯಿಲ್ಲ. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800, ಸುಜುಕಿ ಕಂಪನಿಯ ಆಲ್ಟೊ ಕಾರಿನ ಭಾರತೀಯ ರೂಪವೇ ಆಗಿತ್ತು. ಅದರ ಹಿಂದೆ ಆಮ್ನಿ, ಜಿಪ್ಸಿ, ಝೆನ್, ಸ್ವಿಫ್ಟ್ ಬಂದವು. ಹೋಂಡಾ ಸಿಟಿ, ಟೊಯೋಟಾ ಕ್ವಾಲಿಸ್ ಬಂದವು. ಹಳೆಯ ಕಾರನ್ನು ಕಡಿಮೆ ಬೆಲೆಗೆ ಕೊಂಡ ತರುಣರು ಅದರ ನೋಟ ಬದಲಿಸಲು ಹೊರಡುತ್ತಾರೆ. ಸ್ಪ್ರಿಂಗು ಕತ್ತರಿಸಿ ಕಾರನ್ನು ನೆಲದ ಹತ್ತಿರ ತರುತ್ತಾರೆ, ಅಗಲವಾದ ಅಲಾಯ್ ಗಾಲಿ ಹಾಕಿಸುತ್ತಾರೆ. ಇದಕ್ಕೆ ವಿರುದ್ಧವಾದ ರೂಢಿಯೂ ಉಂಟು. ರಸ್ತೆಯುಬ್ಬಿಗೆ ಕಾರಿನ ಹೊಟ್ಟೆ ತಾಗುತ್ತದೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಸೇರಿಸಿ ಎತ್ತರಿಸುತ್ತಾರೆ. ಎರಡರಲ್ಲೂ ಕಾರು ರಸ್ತೆಯನ್ನು ಹಿಡಿದು ಓಡುವ ರೀತಿ ಬದಲಾಗುತ್ತದೆ. ಬ್ರೇಕ್ ಹಾಕಿದಾಗ ನಿಲ್ಲುವ ದೂರವೂ ಬದಲಾಗಬಹುದು. ಪರಿಣಾಮ ಹಿಂದಿನ ಸೀಟಿನಲ್ಲಿ ಕುಳಿತ ಮನೆಮಂದಿಗೂ ತಟ್ಟುತ್ತದೆ.

ಪಿ.ಯು. ತರಗತಿಯ ಆಂದೋಲನಗಳ ಪಾಠ ಓದಿದವರಿಗೆ ಈ ಬದಲಾವಣೆಗಳ ಲೆಕ್ಕ ಕಷ್ಟವಲ್ಲ. ಒಂದು ಸಂಖ್ಯೆಯನ್ನು ಬದಲಿಸಿದರೆ ಉಳಿದವು ಹೇಗೆ ಸರಿಯುತ್ತವೆ ಎಂಬುದನ್ನು ನೋಡೋಣ.

ಚಕ್ಕಡಿಯ ಗಾಲಿ ಹೇಳುವ ಪಾಠ

ನಮ್ಮ ಭಾಗದ ಚಕ್ಕಡಿಗೆ ಸ್ಪ್ರಿಂಗು ಇರಲಿಲ್ಲ. ಆದರೂ ಅದು ಕೆಟ್ಟ ದಾರಿಯಲ್ಲಿ ಸಾಗುತ್ತಿತ್ತು. ನಿಧಾನ ಗತಿ ಒಂದು ಕಾರಣವಾದರೆ, ಗಾಲಿಯ ದೊಡ್ಡ ವ್ಯಾಸ ಇನ್ನೊಂದು. ರಸ್ತೆಯಲ್ಲಿ 30 ಸೆಂ.ಮೀ. ಉದ್ದದ, ಸಾಕಷ್ಟು ಆಳವಾದ ತಗ್ಗು ಇದೆಯೆನ್ನಿ. ಗಾಲಿ ಅದರ ಎರಡೂ ಅಂಚುಗಳನ್ನು ಮುಟ್ಟಿದಾಗ ಎಷ್ಟು ಕೆಳಗಿಳಿದಿರುತ್ತದೆ? ಪೈಥಾಗೊರಸ್ ಪ್ರಮೇಯವೊಂದೇ ಸಾಕು. ಗಾಲಿಯ ತ್ರಿಜ್ಯದ ವರ್ಗದಿಂದ ತಗ್ಗಿನ ಅರ್ಧ ಉದ್ದದ ವರ್ಗವನ್ನು ಕಳೆದು ವರ್ಗಮೂಲ ತೆಗೆಯಿರಿ. ಅದನ್ನು ತ್ರಿಜ್ಯದಿಂದ ಕಳೆಯಿರಿ. 70 ಸೆಂ.ಮೀ. ತ್ರಿಜ್ಯದ ಚಕ್ಕಡಿ ಗಾಲಿಗೆ ಇಳಿತ 16 ಮಿ.ಮೀ. ಮಾತ್ರ. ಸ್ವಿಫ್ಟಿನ ಸುಮಾರು 31 ಸೆಂ.ಮೀ. ತ್ರಿಜ್ಯದ ಗಾಲಿಗೆ 39 ಮಿ.ಮೀ. ಮಾರುತಿ 800ರ 145/70 ಆರ್ 12 ಟೈರಿಗೆ ತ್ರಿಜ್ಯ 25 ಸೆಂ.ಮೀ.ಗಿಂತ ತುಸು ಹೆಚ್ಚು. ಅದರ ಇಳಿತ 49 ಮಿ.ಮೀ. ಒಂದೇ ತಗ್ಗು ಮೂರು ವಾಹನಗಳಿಗೆ ಮೂರು ಆಳದ್ದು!

‘ಹಾಗಾದರೆ 14 ಇಂಚಿನ ಬದಲು 17 ಇಂಚಿನ ಗಾಲಿ ಹಾಕಿದರೆ ಒಳ್ಳೆಯದಲ್ಲವೆ?’ ಎಂದು ವಿದ್ಯಾರ್ಥಿ ಕೇಳಬಹುದು. ಇಲ್ಲಿಯೇ ತಪ್ಪು ತಿಳಿವಳಿಕೆ ಹೆಚ್ಚು. 17 ಇಂಚು ಎಂಬುದು ಲೋಹದ ರಿಮ್ಮಿನ ವ್ಯಾಸ, ಟೈರು ಸೇರಿದ ಗಾಲಿಯ ವ್ಯಾಸವಲ್ಲ. ಟೈರಿನ ಮೇಲೆ 165/80 ಆರ್ 14 ಎಂದಿದ್ದರೆ ಟೈರಿನ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡ 80, ಅಂದರೆ 132 ಮಿ.ಮೀ. ರಿಮ್ಮಿನ 14 ಇಂಚು ಎಂದರೆ 356 ಮಿ.ಮೀ. ಮೇಲೆ, ಕೆಳಗೆ ಎರಡು ಗೋಡೆ ಸೇರಿಸಿದರೆ ಪೂರ್ಣ ವ್ಯಾಸ 620 ಮಿ.ಮೀ. ಆಗುತ್ತದೆ. ಸ್ವಿಫ್ಟಿಗೆ ಕಂಪನಿಯೇ ಕೊಟ್ಟ ಇನ್ನೊಂದು ಅಳತೆ 185/65 ಆರ್ 15. ಇದರ ಪೂರ್ಣ ವ್ಯಾಸ 621.5 ಮಿ.ಮೀ. ರಿಮ್ಮು ಒಂದು ಇಂಚು ದೊಡ್ಡದಾದರೂ ಪೂರ್ಣ ವ್ಯಾಸ 2 ಮಿ.ಮೀ.ಯಷ್ಟೇ ಬದಲಾಗಿದೆ. ಇದು ಆಕಸ್ಮಿಕವಲ್ಲ. ವ್ಯಾಸ ಬದಲಾದರೆ ಸ್ಪೀಡೋಮೀಟರ್ ತಪ್ಪು ಹೇಳುತ್ತದೆ, ಗೇರುಗಳ ಅನುಪಾತ ಬದಲಾದಂತಾಗುತ್ತದೆ, ಟೈರು ಮಡ್‌ಗಾರ್ಡಿಗೆ ಉಜ್ಜಬಹುದು.

ಈಗ ಅದೇ ಕಾರಿಗೆ 205/40 ಆರ್ 17 ಹಾಕಿ ನೋಡಿ. ಪೂರ್ಣ ವ್ಯಾಸ 596 ಮಿ.ಮೀ., ಅಂದರೆ ಮೊದಲಿಗಿಂತ ಶೇಕಡ 4ರಷ್ಟು ಕಡಿಮೆ. ಕಾರು 12 ಮಿ.ಮೀ. ಕೆಳಗಿಳಿಯಿತು, ತಗ್ಗು ಇನ್ನಷ್ಟು ಆಳವಾಯಿತು. ಟೈರಿನ ಗೋಡೆ 132ರಿಂದ 82 ಮಿ.ಮೀ.ಗೆ ಇಳಿಯಿತು. ಆ ಗೋಡೆಯೊಳಗಿನ ಗಾಳಿಯೇ ಕಾರಿನ ಮೊದಲ ಸ್ಪ್ರಿಂಗು. ತಗ್ಗಿನ ಅಂಚು ಬಡಿದಾಗ ಟೈರು ಪೂರ್ತಿ ಅದುಮಿ ರಿಮ್ಮು ಬಾಗುವುದು ಅಥವಾ ಸೀಳುವುದು ಇಂಥ ಗಾಲಿಗಳಲ್ಲಿ ಹೆಚ್ಚು. ಟೈರಿನ ಮೇಲಿನ ಭಾರ ಸೂಚ್ಯಂಕವನ್ನೂ ಓದಬೇಕು. 85 ಎಂದಿದ್ದರೆ ಆ ಟೈರು ಹೊರಬಲ್ಲ ಗರಿಷ್ಠ ಭಾರ 515 ಕಿ.ಗ್ರಾಂ., 82 ಎಂದಿದ್ದರೆ 475 ಕಿ.ಗ್ರಾಂ. ಹೊಸ ಟೈರಿನ ಸೂಚ್ಯಂಕ ಹಳೆಯದಕ್ಕಿಂತ ಕಡಿಮೆ ಇರಬಾರದು.

ಸ್ಪ್ರಿಂಗು ಕತ್ತರಿಸಿದರೆ

ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಎಲ್ಲರಿಗೂ ಗೊತ್ತು (ಹುಕ್ಕೇರಿಗೂ ಅವನಿಗೂ ಸಂಬಂಧವಿಲ್ಲ). ಅದುಮುವ ಬಲಕ್ಕೂ ಅದುಮಿದ ದೂರಕ್ಕೂ ಇರುವ ಅನುಪಾತವೇ ಸ್ಪ್ರಿಂಗ್ ಸ್ಥಿರಾಂಕ. ಸುರುಳಿ ಸ್ಪ್ರಿಂಗಿನಲ್ಲಿ ಈ ಸ್ಥಿರಾಂಕವು ಸುತ್ತುಗಳ ಸಂಖ್ಯೆಗೆ ವಿಲೋಮವಾಗಿಯೂ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ನೇರವಾಗಿಯೂ ಇರುತ್ತದೆ. 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ತಂತಿ ಬಳಸಿದರೆ ಸ್ಪ್ರಿಂಗು ಶೇಕಡ 38ರಷ್ಟು ಗಟ್ಟಿಯಾಗುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಶೇಕಡ 20ರಷ್ಟು ಗಟ್ಟಿಯಾಗುತ್ತದೆ. ಸುತ್ತುಗಳ ನಡುವೆ ರಬ್ಬರ್ ಬಫರ್ ಸೇರಿಸಿದಾಗಲೂ ಒಂದು ಸುತ್ತು ಕೆಲಸ ಮಾಡದಂತಾಗಿ ಸುಮಾರಾಗಿ ಇದೇ ಫಲ. ಕಾರು ಇಳಿಯುವುದರ ಬದಲು ಏರುತ್ತದೆ, ಅಷ್ಟೆ.

ಕತ್ತರಿಸಿದ ಸ್ಪ್ರಿಂಗಿಗೆ ಇನ್ನೊಂದು ಅಪಾಯವಿದೆ. ಗಾಲಿ ತಗ್ಗಿಗೆ ಇಳಿದು ಪೂರ್ತಿ ಕೆಳಗೆ ಚಾಚಿಕೊಂಡಾಗ ಗಿಡ್ಡವಾದ ಸ್ಪ್ರಿಂಗು ತನ್ನ ಪೀಠದಲ್ಲಿ ಸಡಿಲವಾಗುತ್ತದೆ. ಓರೆಯಾಗಿ ಕೂರಬಹುದು, ಜಾರಲೂಬಹುದು. ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಸ್ಪ್ರಿಂಗನ್ನು ಕುಗ್ಗಿಸುವ ಪದ್ಧತಿ ಇದಕ್ಕಿಂತ ಕೆಟ್ಟದ್ದು. ಸ್ಪ್ರಿಂಗಿನ ಉಕ್ಕಿಗೆ ಕಾಯಿಸಿ ತಣಿಸಿ ಹದ ಕೊಟ್ಟಿರುತ್ತಾರೆ. ಮತ್ತೆ ಕೆಂಪಗೆ ಕಾಯಿಸಿದ ಜಾಗದಲ್ಲಿ ಆ ಹದ ಹೋಗುತ್ತದೆ.

ಕಾರಿನ ಮೈ ಮೇಲೆ ಕೆಳಗೆ ತೂಗುವ ಸ್ವಾಭಾವಿಕ ಆವೃತ್ತಿಯನ್ನು ತಿಳಿಯಲು ಒಂದು ಸುಲಭ ಸೂತ್ರವಿದೆ. ಕಾರಿನ ಭಾರಕ್ಕೆ ಸ್ಪ್ರಿಂಗು ಎಷ್ಟು ಸೆಂ.ಮೀ. ಅದುಮಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಬರುವುದು ಹರ್ಟ್ಸ್‌ಗಳಲ್ಲಿ ಆವೃತ್ತಿ. (ಸರಳ ಸಂಗತ ಚಲನೆಯ ಸಮೀಕರಣದಿಂದ ಇದನ್ನು ಪಡೆಯುವುದು ತರಗತಿಗೆ ಒಳ್ಳೆಯ ಅಭ್ಯಾಸ.) 15 ಸೆಂ.ಮೀ. ಅದುಮಿದ್ದರೆ 1.3 ಹರ್ಟ್ಸ್, 10 ಸೆಂ.ಮೀ.ಗೆ 1.6, 5 ಸೆಂ.ಮೀ.ಗೆ 2.2 ಹರ್ಟ್ಸ್. ಸಾಮಾನ್ಯ ಕಾರುಗಳನ್ನು ಸುಮಾರು 1ರಿಂದ 1.5 ಹರ್ಟ್ಸ್‌ಗೆ ಹೊಂದಿಸಿರುತ್ತಾರೆ. ಇದು ನಾವು ನಡೆಯುವ ಲಯಕ್ಕೆ ಹತ್ತಿರವಾದದ್ದು, ದೇಹ ಇದಕ್ಕೆ ಹೊಂದಿಕೊಂಡಿದೆ. ಕುಳಿತ ಮನುಷ್ಯನಿಗೆ ಹೆಚ್ಚು ಹಿಂಸೆಯಾಗುವುದು 4ರಿಂದ 8 ಹರ್ಟ್ಸ್ ನಡುವಿನ ಲಂಬ ಕಂಪನಗಳಿಂದ. ಸ್ಪ್ರಿಂಗು ಗಟ್ಟಿಯಾದಷ್ಟೂ ರಸ್ತೆಯ ಈ ಕಂಪನಗಳು ಒಳಗೆ ಹೆಚ್ಚು ಬರುತ್ತವೆ.

ಗಾಲಿಗಳೊಡನೆ ಬರುವ ಹೊಂದಿಸಬಹುದಾದ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗಿನ ಕೆಳಪೀಠ ತಿರುಪಿನ ಮೇಲೆ ಕೂತಿರುತ್ತದೆ. ಪೀಠವನ್ನು ಮೇಲಕ್ಕೆ ತಿರುಗಿಸಿದರೆ ಸ್ಪ್ರಿಂಗು ‘ಟೈಟ್’ ಆಗಿ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಬಲವಾಗಿದೆ. ಇದು ನಿಜವಲ್ಲ. ಪ್ರಯೋಗಶಾಲೆಯಲ್ಲಿ ತೂಕ ನೇತುಹಾಕಿದ ಸ್ಪ್ರಿಂಗಿನ ಸ್ಟ್ಯಾಂಡನ್ನು ಎತ್ತರಿಸಿ ನೋಡಿ: ತೂಕ ಮೇಲೇರುತ್ತದೆ, ಸ್ಪ್ರಿಂಗಿನ ಹಿಗ್ಗು ಮೊದಲಿನಷ್ಟೇ ಇರುತ್ತದೆ. ಕಾರಿನಲ್ಲಿಯೂ ಪೀಠ ಏರಿಸಿದರೆ ಕಾರು ಏರುತ್ತದೆ. ಸ್ಥಿರಾಂಕ ಬದಲಾಗುವುದಿಲ್ಲ, ಏಕೆಂದರೆ ಕಾರಿನ ಭಾರ ಬದಲಾಗಿಲ್ಲ, ಸುತ್ತುಗಳೂ ಬದಲಾಗಿಲ್ಲ. ಗಟ್ಟಿ ಬೇಕಿದ್ದರೆ ಬೇರೆ ಸ್ಪ್ರಿಂಗೇ ಬೇಕು.

ಶಾಕಪ್ ಮಾಡುವ ಕೆಲಸ

ಗ್ಯಾರೇಜಿನವರು ‘ಶಾಕಪ್’ ಎನ್ನುವ ಶಾಕ್ ಅಬ್ಸಾರ್ಬರ್ ಹೆಸರಿನಂತೆ ಹೊಡೆತವನ್ನು ನುಂಗುವುದಿಲ್ಲ. ಹೊಡೆತವನ್ನು ತೆಗೆದುಕೊಳ್ಳುವುದು ಸ್ಪ್ರಿಂಗು. ಸ್ಪ್ರಿಂಗು ಹಿಡಿದಿಟ್ಟ ಶಕ್ತಿಯನ್ನು ಮರಳಿ ಕೊಡುವಾಗ ಕಾರು ಕುಣಿಯದಂತೆ ತಡೆಯುವುದು ಶಾಕಪ್. ಅದರೊಳಗೆ ಎಣ್ಣೆ ಕಿರುರಂಧ್ರಗಳಲ್ಲಿ ತೂರಿ ಚಲನೆಯ ಶಕ್ತಿ ಉಷ್ಣವಾಗುತ್ತದೆ. ಈ ಅವಮಂದನ ಎಷ್ಟಿರಬೇಕೆಂಬುದು ಸ್ಪ್ರಿಂಗ್ ಸ್ಥಿರಾಂಕ ಮತ್ತು ದ್ರವ್ಯರಾಶಿಗಳ ಗುಣಲಬ್ಧದ ವರ್ಗಮೂಲವನ್ನು ಅವಲಂಬಿಸಿದೆ. ಆದ್ದರಿಂದ ಸ್ಪ್ರಿಂಗನ್ನು ಶೇಕಡ 20 ಗಟ್ಟಿ ಮಾಡಿ ಹಳೆಯ ಶಾಕಪ್ ಉಳಿಸಿಕೊಂಡರೆ ಅವಮಂದನದ ಅನುಪಾತ ಸುಮಾರು ಶೇಕಡ 9ರಷ್ಟು ಇಳಿಯುತ್ತದೆ. ಸ್ಪ್ರಿಂಗು, ಶಾಕಪ್ ಎರಡನ್ನೂ ಜೋಡಿಯಾಗಿ ಆರಿಸಬೇಕೆನ್ನುವುದು ಇದೇ ಕಾರಣಕ್ಕೆ. ಕುಣಿಯುವ ಗಾಲಿ ಕ್ಷಣಕ್ಷಣಕ್ಕೂ ನೆಲದ ಮೇಲೆ ಹಗುರಾಗುತ್ತದೆ. ಆಗ ಬ್ರೇಕು ಎಷ್ಟು ಚೆನ್ನಾಗಿದ್ದರೂ ಘರ್ಷಣೆ ಸಿಗುವುದಿಲ್ಲ.

ಗಾಲಿಗೂ ತನ್ನದೇ ಸ್ವಾಭಾವಿಕ ಆವೃತ್ತಿ ಇದೆ, ಸ್ಥೂಲವಾಗಿ 10ರಿಂದ 15 ಹರ್ಟ್ಸ್. ಘಟಪ್ರಭಾ ಎಡದಂಡೆ ಕಾಲುವೆಯ ಪಕ್ಕದ ಗರಸಿನ ರಸ್ತೆಗಳಂಥ ಕಡೆ ತಗಡಿನ ಏಣುಗಳಂತೆ ಸಾಲುಸಾಲು ಉಬ್ಬುಗಳು ಬೀಳುವುದನ್ನು ನೀವು ಕಂಡಿರಬಹುದು. ಎರಡು ಉಬ್ಬುಗಳ ಅಂತರ 75 ಸೆಂ.ಮೀ., ಗಾಲಿಯ ಆವೃತ್ತಿ 12 ಹರ್ಟ್ಸ್ ಎಂದರೆ ಸೆಕೆಂಡಿಗೆ 9 ಮೀಟರ್, ಅಂದರೆ ಗಂಟೆಗೆ 32 ಕಿ.ಮೀ. ವೇಗದಲ್ಲಿ ಅನುರಣನೆ. ವೇಗ ಹೆಚ್ಚಿಸಿದರೆ ನಡುಕ ಕಡಿಮೆಯಾಗುತ್ತದೆ ಎಂದು ಚಾಲಕರಿಗೆ ಅನುಭವದಿಂದ ಗೊತ್ತು. ಆದರೆ ಆಗ ಗಾಲಿ ಉಬ್ಬಿನಿಂದ ಉಬ್ಬಿಗೆ ಹಾರುತ್ತಿರುತ್ತದೆ. ತಿರುವಿನಲ್ಲಿ ಕಾರು ಪಕ್ಕಕ್ಕೆ ಜಾರುವುದು ಈ ಕಾರಣದಿಂದ. ಅಲಾಯ್ ಎಂದ ಮಾತ್ರಕ್ಕೆ ಗಾಲಿ ಹಗುರ ಎಂದು ತಿಳಿಯಬೇಡಿ. ಅಗಲವಾದ 17 ಇಂಚಿನ ಅಲಾಯ್ 14 ಇಂಚಿನ ಉಕ್ಕಿನ ಗಾಲಿಗಿಂತ ಭಾರವಿರಬಹುದು. ಕೊಳ್ಳುವ ಮೊದಲು ಎರಡನ್ನೂ ತೂಕಕ್ಕೆ ಹಾಕಿ ನೋಡಿ.

ಎರೆಮಣ್ಣಿನ ನೆಲದ ಕತೆ ಬೇರೆ. ಮೂಡಲಗಿ ಕಡೆಯ ಕಪ್ಪು ಮಣ್ಣು ನೀರು ಕುಡಿದು ಉಬ್ಬಿ, ಬೇಸಗೆಯಲ್ಲಿ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಉದ್ದುದ್ದ ಅಲೆಗಳಂತಾಗುತ್ತದೆ. ಅಲೆಯ ಉದ್ದ 12 ಮೀಟರ್ ಇದ್ದರೆ ಗಂಟೆಗೆ 54 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 1.25 ಅಲೆಗಳು ಸಿಗುತ್ತವೆ. ಇದು ಕಾರಿನ ಮೈಯ ಆವೃತ್ತಿಯೇ. ಶಾಕಪ್ ಸೋತಿದ್ದರೆ ಪಾರ ಬೆಳೆಯುತ್ತ ಹೋಗಿ ತಗ್ಗಿಸಿದ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. 2.2 ಹರ್ಟ್ಸ್‌ನ ಗಟ್ಟಿ ಕಾರಿಗೆ ಇಂಥದೇ ಅಲೆ ಸಿಕ್ಕರೆ ಅನುರಣನೆ ಗಂಟೆಗೆ 95 ಕಿ.ಮೀ. ವೇಗದಲ್ಲಿ, ಅಂದರೆ ಸಂಕೇಶ್ವರದ ಬಳಿ ಹೆದ್ದಾರಿಯಲ್ಲಿ ಓಡುವ ವೇಗದಲ್ಲಿ.

ತಗ್ಗಿಸಿದ್ದರಿಂದ ಬಂದ ಲಾಭ

ಲಾಭವೇ ಇಲ್ಲವೆಂದಲ್ಲ. ತಿರುವಿನಲ್ಲಿ ಒಳಗಾಲಿಗಳ ಭಾರ ಹೊರಗಾಲಿಗಳಿಗೆ ಸರಿಯುತ್ತದೆ. ಕಾರಿನ ಭಾರ, ಪಾರ್ಶ್ವ ವೇಗೋತ್ಕರ್ಷ, ಗುರುತ್ವಕೇಂದ್ರದ ಎತ್ತರ ಇವುಗಳನ್ನು ಗುಣಿಸಿ, ಎಡಬಲ ಗಾಲಿಗಳ ಅಂತರದಿಂದ ಭಾಗಿಸಿದರೆ ಅದರ ಪ್ರಮಾಣ ಸಿಗುತ್ತದೆ. ಜನರೂ ಸೇರಿ 1200 ಕಿ.ಗ್ರಾಂ. ಕಾರು, ಗುರುತ್ವದ 0.4ರಷ್ಟು ವೇಗೋತ್ಕರ್ಷ, ಎತ್ತರ 55 ಸೆಂ.ಮೀ., ಅಂತರ 150 ಸೆಂ.ಮೀ. ಎಂದಿಟ್ಟುಕೊಂಡರೆ 176 ಕಿ.ಗ್ರಾಂ. ಭಾರ ಸರಿಯುತ್ತದೆ. ಕಾರನ್ನು 3 ಸೆಂ.ಮೀ. ತಗ್ಗಿಸಿದರೆ ಅದು 166 ಕಿ.ಗ್ರಾಂ. ಆಗುತ್ತದೆ. ಉಳಿತಾಯ ಹತ್ತು ಕಿ.ಗ್ರಾಂ. ಇದಕ್ಕಾಗಿ ತಗ್ಗುಗಳನ್ನು ಎದುರಿಸಲು ಸ್ಪ್ರಿಂಗಿಗೆ ಇದ್ದ ಕೆಲವೇ ಸೆಂ.ಮೀ. ಅವಕಾಶದಲ್ಲಿ ಮೂರನ್ನು ಬಿಟ್ಟುಕೊಡಬೇಕು. ನುಣುಪಾದ ಸ್ಪರ್ಧಾ ಟ್ರ್ಯಾಕಿನಲ್ಲಿ ಇದು ಒಪ್ಪಬಹುದಾದ ವ್ಯವಹಾರ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ತುಳಿದ ರಸ್ತೆಯಲ್ಲಿ ಅಲ್ಲ ಎಂದು ನನ್ನ ಅಭಿಪ್ರಾಯ.

ಗಾಲಿಗಳ ಜೋಡಣೆಯನ್ನೂ ಮರೆಯಬಾರದು. ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ಅಂತರವನ್ನು ಆಫ್‌ಸೆಟ್ ಎನ್ನುತ್ತಾರೆ. ಅದು 45ರ ಬದಲು 35 ಮಿ.ಮೀ. ಇದ್ದರೆ ಗಾಲಿ 10 ಮಿ.ಮೀ. ಹೊರಗೆ ಸರಿಯುತ್ತದೆ, ಬೇರಿಂಗಿನ ಮೇಲೆ ಬೀಳುವ ಬಲದ ಭ್ರಾಮಕ ಬದಲಾಗುತ್ತದೆ, ಸ್ಟಿಯರಿಂಗ್ ತಗ್ಗುಗಳಲ್ಲಿ ಎಳೆಯತೊಡಗುತ್ತದೆ. ಕಾರಿನ ಎತ್ತರ ಬದಲಿಸಿದರೆ ಮುಂಗಾಲಿಗಳ ಓರೆ ಮತ್ತು ಅವು ಒಳಮುಖವಾಗಿಯೋ ಹೊರಮುಖವಾಗಿಯೋ ಇರುವ ಕೋನ ಬದಲಾಗುತ್ತವೆ. ಆಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ.

ಶಾಲೆಯ ಅಂಗಳದಲ್ಲೇ ಮಾಡಬಹುದಾದ ಒಂದು ಅಳತೆ ಇಲ್ಲಿದೆ. ನಿಂತ ಕಾರನ್ನು ಕೈಯಿಂದ ಒಂದೆರಡು ಸಲ ಅಲುಗಿಸಿ ಬಿಡಿ. ಪ್ರತಿ ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಅಳೆಯಿರಿ (ನೆಲದಿಂದ ಅಳೆದರೆ ಟೈರಿನ ಅದುಮೂ ಸೇರುತ್ತದೆ). ತೂಕ ಗೊತ್ತಿರುವ ಐದು ಜನರನ್ನು ಒಳಗೆ ಕೂರಿಸಿ ಮತ್ತೆ ಅಲುಗಿಸಿ, ಅಳೆಯಿರಿ. 300 ಕಿ.ಗ್ರಾಂ.ಗೆ ಕಾರು ಸರಾಸರಿ 6 ಸೆಂ.ಮೀ. ಇಳಿದರೆ ನಾಲ್ಕೂ ಸ್ಪ್ರಿಂಗುಗಳ ಒಟ್ಟು ಸ್ಥಿರಾಂಕ ಮೀಟರಿಗೆ 49,000 ನ್ಯೂಟನ್. ಗಾಲಿಗಳನ್ನು ಬಿಟ್ಟು ಮೈಯ ದ್ರವ್ಯರಾಶಿ ಜನರೂ ಸೇರಿ 1000 ಕಿ.ಗ್ರಾಂ. ಇದ್ದರೆ ಆವೃತ್ತಿ 1.1 ಹರ್ಟ್ಸ್ ಬರುತ್ತದೆ. ಬಳಿಕ ಬಾನೆಟ್ಟಿನ ಒಂದು ಮೂಲೆಯನ್ನು ಜೋರಾಗಿ ಅದುಮಿ ಕೈ ತೆಗೆಯಿರಿ. ಸರಿಯಿರುವ ಶಾಕಪ್ ಆದರೆ ಮೂಲೆ ಮೇಲೆದ್ದು, ಒಂದು ಸಲ ಇಳಿದು ನಿಲ್ಲುತ್ತದೆ. ಮೂರು ನಾಲ್ಕು ಸಲ ಕುಣಿದರೆ ಶಾಕಪ್ಪಿನ ಕೊಳವೆಯ ಮೇಲೆ ಎಣ್ಣೆಯ ಪಸೆ ಇದೆಯೇ ಎಂದು ಬಗ್ಗಿ ನೋಡಿ.