ಇಪ್ಪತ್ತೈದು ನಿಮಿಷದ ದೂರ

ಲಂಡನ್ನಿಂದ ಪ್ಯಾರಿಸ್ಸಿಗೆ ಎಷ್ಟು ದೂರ? ಅಟ್ಲಾಸೊಂದು ಕೈಯಲ್ಲಿದ್ದರೆ ಹೈಸ್ಕೂಲಿನ ಹುಡುಗನೂ ಲೆಕ್ಕ ಹಾಕಿ ಹೇಳಬಲ್ಲ. ಲಂಡನ್ 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಪ್ಯಾರಿಸ್ 48.85ರಲ್ಲಿ. ಡಿಗ್ರಿಗೆ 111 ಕಿ.ಮೀ.ನಂತೆ ದಕ್ಷಿಣಕ್ಕೆ 294 ಕಿ.ಮೀ. ಆಯಿತು. ರೇಖಾಂಶದ ವ್ಯತ್ಯಾಸ ಸುಮಾರು ಎರಡೂವರೆ ಡಿಗ್ರಿ. ಆದರೆ ಧ್ರುವದತ್ತ ಹೋದಂತೆ ರೇಖಾಂಶಗಳು ಒತ್ತೊತ್ತಾಗುತ್ತವೆ. ಅಷ್ಟು ಉತ್ತರದಲ್ಲಿ ಒಂದು ಡಿಗ್ರಿಗೆ 71 ಕಿ.ಮೀ. ಮಾತ್ರ. ಅಂದರೆ ಪೂರ್ವಕ್ಕೆ ಸುಮಾರು 177 ಕಿ.ಮೀ. ಉಳಿದದ್ದನ್ನು ಪೈಥಾಗೊರಸನ ಪ್ರಮೇಯ ನೋಡಿಕೊಳ್ಳುತ್ತದೆ: ಕರ್ಣ 343 ಕಿ.ಮೀ. ಇಷ್ಟು ಸಣ್ಣ ದೂರದಲ್ಲಿ ಭೂಮಿಯ ಬಾಗು ಉತ್ತರವನ್ನು ಹೆಚ್ಚೇನೂ ಕೆಡಿಸದು.

ಗಂಟೆಗೆ 800 ಕಿ.ಮೀ.ಗೂ ಹೆಚ್ಚು ವೇಗದ ಜೆಟ್ ವಿಮಾನಕ್ಕೆ ಇದು ಇಪ್ಪತ್ತೈದು ನಿಮಿಷದ ದಾರಿ. ವೇಳಾಪಟ್ಟಿಯಲ್ಲಿ ಮಾತ್ರ ಒಂದೂಕಾಲು ಗಂಟೆಯ ಆಸುಪಾಸು ಕಾಣುತ್ತದೆ. ಪಟ್ಟಿ ಸುಳ್ಳು ಹೇಳುತ್ತಿಲ್ಲ. ವಿಮಾನ ಪೂರ್ಣ ವೇಗಕ್ಕೆ ಬರುವುದು ಮೇಲೇರಿದ ಮೇಲೆ. ಇಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತು. ರನ್‌ವೇಯ ಸರದಿ, ನೆಲದ ಮೇಲಿನ ಓಡಾಟ ಬೇರೆ. ಹೀಥ್ರೂ ಲಂಡನ್ನಿನ ಹೃದಯಭಾಗದಲ್ಲಿಲ್ಲ, ಷಾರ್ಲ್ ದ ಗಾಲ್ ನಿಲ್ದಾಣ ಪ್ಯಾರಿಸ್ಸಿನ ಹೊರಗಿದೆ. ತಪಾಸಣೆಯ ಸಾಲುಗಳನ್ನೂ ಸೇರಿಸಿದರೆ ಮನೆಯಿಂದ ಮನೆಗೆ ನಾಲ್ಕೈದು ಗಂಟೆ.

ಪಟ್ಟಿ ಓದುವವರು ಗಡಿಯಾರವನ್ನೂ ಗಮನಿಸಬೇಕು. ಪ್ಯಾರಿಸ್ ಒಂದು ಗಂಟೆ ಮುಂದಿದೆ. ಬೆಳಿಗ್ಗೆ 10ಕ್ಕೆ ಲಂಡನ್ ಬಿಟ್ಟ ವಿಮಾನ 12.15ಕ್ಕೆ ತಲುಪಿದಂತೆ ಕಾಣುತ್ತದೆ. 10ಕ್ಕೆ ಪ್ಯಾರಿಸ್ ಬಿಟ್ಟದ್ದು 10.15ಕ್ಕೇ ಲಂಡನ್ನಿನಲ್ಲಿ!

1919ರ ಆಗಸ್ಟ್ 25ರಂದು ಈ ದಾರಿಯಲ್ಲಿ ನಿತ್ಯದ ವಿಮಾನ ಸೇವೆ ಆರಂಭವಾಯಿತು. ಹೌನ್ಸ್‌ಲೋ ಹೀತ್ ಮೈದಾನದಿಂದ ಹೊರಟ ಪುಟ್ಟ ವಿಮಾನದಲ್ಲಿ ಒಬ್ಬನೇ ಪ್ರಯಾಣಿಕ. ಜೊತೆಗೆ ಪತ್ರಿಕೆಗಳು, ಕೆನೆಯ ಜಾಡಿಗಳು. ಪ್ಯಾರಿಸ್ ಬಳಿಯ ಲ ಬೂರ್ಜೆ ತಲುಪಲು ಸುಮಾರು ಎರಡೂವರೆ ಗಂಟೆ ಹಿಡಿಯಿತು.

ಇಂದು ರೈಲು ಅದಕ್ಕಿಂತ ಬೇಗ ಹೋಗುತ್ತದೆ. ಕಡಲಗಾಲುವೆಯ ಕೆಳಗಿನ 50 ಕಿ.ಮೀ. ಸುರಂಗ 1994ರಲ್ಲಿ ತೆರೆಯಿತು. ಇದರಲ್ಲಿ 38 ಕಿ.ಮೀ. ಸಮುದ್ರತಳದ ಅಡಿಯಲ್ಲಿದೆ. ಯೂರೋಸ್ಟಾರ್ ರೈಲಿಗೆ ಮೊದಲು ಮೂರು ಗಂಟೆ ಬೇಕಿತ್ತು, ಏಕೆಂದರೆ ಇಂಗ್ಲೆಂಡಿನ ಕಡೆ ಹಳೆಯ ಹಳಿಗಳೇ ಇದ್ದವು. 2007ರಲ್ಲಿ ಅಲ್ಲಿಯೂ ವೇಗದ ಹಳಿ ಪೂರ್ಣಗೊಂಡ ಮೇಲೆ ಎರಡೂಕಾಲು ಗಂಟೆಗೆ ಇಳಿಯಿತು. ಹಳಿಯ ದಾರಿ 490 ಕಿ.ಮೀ.ಗೂ ಹೆಚ್ಚು, ಆದರೂ ಊರ ನಡುವೆ ಹತ್ತಿ ಊರ ನಡುವೆ ಇಳಿಯುವುದರಿಂದ ಗೆಲುವು ರೈಲಿನದೇ. ಹೊಗೆಯ ಲೆಕ್ಕದಲ್ಲೂ ಅಷ್ಟೆ. ಫ್ರಾನ್ಸಿನ ವಿದ್ಯುತ್ತಿನ ಬಹುಪಾಲು ಪರಮಾಣು ಸ್ಥಾವರಗಳದ್ದಾದ್ದರಿಂದ ಪ್ರಯಾಣಿಕನೊಬ್ಬನ ಪಾಲಿನ ಇಂಗಾಲ ವಿಮಾನಕ್ಕಿಂತ ಎಷ್ಟೋ ಪಟ್ಟು ಕಡಿಮೆ.

ಹಾಗಿದ್ದೂ ವಿಮಾನಗಳು ಖಾಲಿ ಓಡುವುದಿಲ್ಲ. ಬೆಂಗಳೂರಿನಿಂದ ಹೀಥ್ರೂಗೆ ಬಂದಿಳಿದವರಿಗೆ ಮುಂದಿನ ವಿಮಾನ ಅಲ್ಲಿಯೇ ಸಿಗುತ್ತದೆ. ಊರೊಳಗೆ ಬಂದು ಸೇಂಟ್ ಪ್ಯಾಂಕ್ರಾಸ್‌ನಲ್ಲಿ ರೈಲು ಹತ್ತಬೇಕೆಂದರೆ ಬ್ರಿಟನ್ನಿನ ವೀಸಾ ಬೇಕು, ಆಚೆ ಇಳಿಯಲು ಷೆಂಗೆನ್ ವೀಸಾ ಬೇಕು. ಒಂದರ ಬದಲು ಇನ್ನೊಂದು ನಡೆಯದು. ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ರೈಲು ಹತ್ತುವ ಮೊದಲೇ, ಲಂಡನ್ನಿನಲ್ಲೇ ಮುಗಿಯುತ್ತದೆ.